ಕೆರೆಯಲ್ಲಿ ನೆಟ್ಟ ಕೋಲು

ಕೆರೆಯಂಚಿನಲ್ಲಿ ಮೂರು ಕಾಲೂರಿ ನಿಂತಿದ್ದ ಕ್ಯಾಮರಾ, ಮರದ ಮೇಲಿದ್ದ ಮಿಂಚುಳ್ಳಿಗೆ ಹೇಳಿತು: "ನೀರಲ್ಲಿ ನೆಟ್ಟ ಆ ಕೋಲಿನ ಮೇಲೆ ಬಂದು ಕೂತುಕೋ. ನಿನ್ನನ್ನು ಸೆರೆಹಿಡಿಯಬೇಕು."

"ಸೆರೆಯೇ?" ಎಂದಿತು ಮಿಂಚುಳ್ಳಿ.

"ಅದು ಮಾತಿಗೆ ಹೇಳುವುದು. ಹಿಡಿಯುವುದು ಬರೀ ನಿನ್ನ ಚಿತ್ರವನ್ನು."

"ನಿನ್ನೆ ಅಲ್ಲಿ ಕೋಲು ಇರಲಿಲ್ಲ. ಈಗ ಅದರ ಬುಡದಲ್ಲಿರುವಷ್ಟು ಮೀನೂ ಇರಲಿಲ್ಲ. ಮೇಲಾಗಿ, ನಿನ್ನ ಹಿಂದಿನ ಪೊದೆ ಈಗಷ್ಟೇ ಕೆಮ್ಮಿತು."

"ಅದು ಪೊದೆಯಲ್ಲ, ಸೊಪ್ಪು ಹೊದ್ದು ಕೂತಿರುವ ನನ್ನ ಯಜಮಾನರು, ಫೋಟೋಗ್ರಾಫರು. ಬೆಳಗಿನಿಂದ ಅಲುಗದೆ, ಉಸಿರು ಬಿಗಿಹಿಡಿದು ನಿನಗಾಗಿ ಕಾಯುತ್ತಿದ್ದಾರೆ. ನಿನ್ನ ಮೇಲೆ ಇಷ್ಟು ಪ್ರೀತಿ ಇನ್ಯಾರಿಗಿದೆ?"

ಮಿಂಚುಳ್ಳಿ ಹಾರಿಹೋಗಲು ರೆಕ್ಕೆ ಬಿಚ್ಚಿತು. "ಮೀನಿಗಾಗಿ ನಾನೂ ದಿನಾ ಹಾಗೆಯೇ ಕಾಯುತ್ತೇನೆ. ಆ ಪ್ರೀತಿ ಎಂಥದ್ದೆಂದು ನನಗೆ ಗೊತ್ತು."