ಈರಕ್ಕನ ಮಗ ರಿಮೋಟು ಒತ್ತಿದ್ದು

ಪೆದ್ದರಿಲ್ಲದ ಊರು ಯಾವುದಾದರೂ ಇದ್ದರೆ ಹೇಳಿ, ನಾನು ನಾಳೆಯೇ ಹೋಗಿ ಅಲ್ಲಿ ಮನೆ ಮಾಡುತ್ತೇನೆ. ಇಲ್ಲ ತಾನೆ? ಹಾಗಾದರೆ ಕೇಳಿ.

ಸಿರಾದ ಹೈವೇ ಪಕ್ಕದಲ್ಲಿ ಈರಕ್ಕ ಅಂತ ಒಬ್ಬಳಿದ್ದಳು. ತಳ್ಳುಗಾಡಿಯಲ್ಲಿ ಬೋಂಡ ಮಾಡಿ ಮಾರುತ್ತಿದ್ದಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಜುಂಜ. ಆಳು ನೋಡಿದರೆ ಬಾಗಿಲು ತುಂಬ ಇದ್ದ. ಬುದ್ಧಿ? ಬುದ್ಧಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಹೇಳಿಕೊಟ್ಟಷ್ಟು ಇತ್ತು, ಅದರ ಮೇಲೆ ಒಂದು ಕಾಳು ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಎಲ್ಲಿ ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದು ಮಾತ್ರ ಅವನ ತಲೆಗೆ ಹೋಗುತ್ತಿರಲಿಲ್ಲ.

ಹೋಟೆಲಿನಲ್ಲಿ ಇಟ್ಟಳು, ಅಟ್ಟಿದರು. ಸಿಮೆಂಟ್ ಅಂಗಡಿಯಲ್ಲಿ ಇಟ್ಟಳು, ಅಲ್ಲಿಂದಲೂ ಅಟ್ಟಿದರು. ಕೊನೆಗೆ ಊರಲ್ಲಿ ಯಾರೇ ಏನೇ ಕೆಡಿಸಿದರೂ "ಏನ್ಲಾ, ಈರಕ್ಕನ ಮಗ ಆಗ್ಬಿಟ್ಟೆಯಾ?" ಅನ್ನುವುದು ರೂಢಿಯಾಗಿಹೋಯಿತು. ಬೋಂಡ ತಿನ್ನಲು ಬಂದವರೂ ಅವಳ ಎದುರಿಗೇ ಹಾಗೆ ಅಂದು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಈರಕ್ಕ ಬಾಣಲೆಯೊಳಗೆ ಮುಖ ಇಟ್ಟುಕೊಂಡು ಬೋಂಡ ತಿರುವುತ್ತಿದ್ದಳು. ಎಣ್ಣೆಯ ಕಾವಿಗಿಂತ ನಾಚಿಕೆಯ ಕಾವೇ ಹೆಚ್ಚಾಗಿ ಅವಳ ಮುಖ ಸುಡುತ್ತಿತ್ತು.

ಅವಳ ತಳ್ಳುಗಾಡಿ ನಿಲ್ಲುತ್ತಿದ್ದದ್ದು ದಾದಾಪೀರನ ಅಂಗಡಿಯ ಮುಂದಿನ ಬಯಲಲ್ಲಿ. ದಾದಾಪೀರ ಕಾರು, ಲಾರಿಗಳ ವೈರಿಂಗ್ ಕೆಲಸದವನು. ಊರಿಗೆಲ್ಲ ಪೀರಣ್ಣ. ಈರಕ್ಕ ಅವನ ಮುಂದೆ ಸೆರಗೊಡ್ಡಿದಳು.

"ಪೀರಣ್ಣ, ಇದೊಂದು ಸಲ ನಮ್ಮ ಹುಡುಗನ್ನ ಸೇರಿಸ್ಕೊ. ಇಲ್ಲಿಂದಲೂ ವಾಪಸ್ ಬಂದ್ರೆ ನಾನು ಈ ಊರಲ್ಲಿ ತಲೆ ಎತ್ಕೊಂಡು ಓಡಾಡಂಗಿಲ್ಲ."

"ಬರ್ಲಿ ಬಿಡಕ್ಕ," ಅಂದ ಪೀರಣ್ಣ. "ಹೇಳಿದಂಗೆ ಕೇಳ್ತಾನೆ ತಾನೆ?"

"ಅಯ್ಯೋ, ಹೇಳಿದಂಗೆ ಕೇಳ್ತಾನೆ," ಅಂದಳು ಈರಕ್ಕ. ಅದೇ ಕಷ್ಟ ಅಂತ ಬಾಯಿಬಿಡಲಿಲ್ಲ.

ಮೊದಲ ದಿನ ಪೀರಣ್ಣ ಒಂದು ಕಾರಿನ ಸ್ಟೇರಿಂಗ್ ಕೆಳಗಿನ ವೈರು ತೋರಿಸಿ, ಸಿಪ್ಪೆ ಸುಲಿ ಅಂದ. ಜುಂಜ ಸುಲಿದ. ಒಂದನ್ನಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಸುಲಿದ. ಕರೆಂಟು ಹರಿಯುತ್ತಿದ್ದ ವೈರುಗಳು ಒಂದಕ್ಕೊಂದು ತಾಗಿ ಚಟಚಟ ಕಿಡಿ ಹಾರಿತು, ಫ್ಯೂಸು ಹೋಯಿತು, ಹಾರನ್ನು ಒಂದೇ ಸಮನೆ ಕೂಗತೊಡಗಿತು. ರಸ್ತೆಯ ಜನವೆಲ್ಲ ಬಂದು ನಿಂತರು.

"ಬ್ಯಾಟರಿ ಬಿಚ್ಚಿದ್ಯೇನೋ?" ಪೀರಣ್ಣ ಕೂಗಿದ.

"ನೀನು ಹೇಳ್ಲಿಲ್ವಲ್ಲಣ್ಣ!"

ಈರಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಕೇಳಿಸ್ಕೊಳ್ಳೋ! ಕಾರಿಗೆ ಕೈ ಹಾಕೋ ಮುಂಚೆ ಬ್ಯಾಟರಿ ವೈರು ಬಿಚ್ಚೋದು! ತಿಳೀತಾ?"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡಿದ! ಎರಡು ದಿನ ಬಿಟ್ಟು ಒಂದು ಮದುವೆ ಕಾರು ಬಂದು ನಿಂತಿತು. ಗಂಡು ಒಳಗೆ ಕೂತಿದ್ದಾನೆ, ಬಾಸಿಂಗ ಕಟ್ಟಿದೆ, ಮುಹೂರ್ತ ಹತ್ತಿರ ಬಂದಿದೆ. ಮುಂದಿನ ಹೂವಿನ ಹಾರ ಸಡಿಲವಾಗಿತ್ತು. "ತಮ್ಮಾ, ಇದನ್ನೊಂದು ಸ್ವಲ್ಪ ಬಿಗಿಯಾಗಿ ಕಟ್ಟು" ಅಂದರು. ಕಾರಿಗೆ ಕೈ ಹಾಕಬೇಕಲ್ಲ! ಜುಂಜ ಬಾನೆಟ್ ಎತ್ತಿ, ಬ್ಯಾಟರಿ ವೈರು ಬಿಚ್ಚಿ, ಬಾನೆಟ್ ಮುಚ್ಚಿ, ಹಾರವನ್ನು ಅಚ್ಚುಕಟ್ಟಾಗಿ ಬಿಗಿದು ಕಟ್ಟಿದ. ವೈರು ಮತ್ತೆ ಹಾಕು ಅಂತ ಯಾರು ಹೇಳಿದ್ದರು? ಯಾರೂ ಇಲ್ಲ. ಡ್ರೈವರು ಕೀಲಿ ತಿರುವಿದರೆ ಕಾರು ಕೆಮ್ಮಲೂ ಇಲ್ಲ. ಬೀಗರೆಲ್ಲ ಪಂಚೆ ಎತ್ತಿ ಕಟ್ಟಿ ಕಾರು ತಳ್ಳಿದರು. ಗಂಡು ಬೈದ, ಗಂಡಿನ ಸೋದರಮಾವ ಹೊಡೆಯಲಿಕ್ಕೇ ಬಂದ.

ಪೀರಣ್ಣ ಬಾನೆಟ್ ಎತ್ತಿ ನೋಡಿ ಹಣೆ ಚಚ್ಚಿಕೊಂಡ. "ಬಿಚ್ಚಿದ್ದೂ ಅಲ್ದೆ ತುದೀನ ಹಂಗೇ ನೇತಾಡಕ್ಕೆ ಬಿಟ್ಟಿದೀಯಲ್ಲೋ! ಎಲ್ಲಾದ್ರೂ ತಾಗಿ ಬೆಂಕಿ ಹತ್ತಿಕೊಂಡ್ರೆ? ಬರೀ ತುದಿ ಕಂಡ್ರೆ ಮೊದ್ಲು ಟೇಪು ಸುತ್ತಬೇಕು!"

"ಕೇಳಿಸ್ತೇನ್ಲಾ?" ಅಂದಳು ಈರಕ್ಕ. ಮದುವೆಯವರ ಮುಂದೆ ಅವಳು ಹಿಡಿಯಷ್ಟಾಗಿದ್ದಳು. "ಬೆಂಕಿ ಹತ್ತೋ ತುದಿ ಕಂಡ್ರೆ ಟೇಪು ಸುತ್ತು!"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಆಗ ಬಂದರು ನೋಡಿ, ಅಕ್ಕಿ ಗಿರಣಿಯ ಸಾವ್ಕಾರ ಪರಮಶಿವಯ್ಯನವರು. ಹೊಸ ಕಾರು ತಂದಿದ್ದರು. ಅವರ ತಾಯಿಗೆ ತುಂಬ ವಯಸ್ಸಾಗಿತ್ತು. ಬಿಸಿಲಲ್ಲಿ ನಿಂತು ಕಾದ ಕಾರಿನೊಳಗೆ ಕೂತರೆ ಅಜ್ಜಿಗೆ ತಲೆಸುತ್ತು ಬರುತ್ತಿತ್ತು. ಅದಕ್ಕೆ ಸಾವ್ಕಾರರು ಕಾರಿಗೆ ರಿಮೋಟ್ ಸ್ಟಾರ್ಟ್ ಹಾಕಿಸಲು ಹೊರಟಿದ್ದರು. ಅಂದರೆ, ಮನೆಯೊಳಗೆ ಕೂತು ಗುಂಡಿ ಒತ್ತಿದರೆ ಹೊರಗಿರುವ ಕಾರು ತಾನಾಗಿ ಸ್ಟಾರ್ಟ್ ಆಗಿ, ಎ.ಸಿ. ಓಡಿ, ಅಜ್ಜಿ ಬಂದು ಹತ್ತುವ ಹೊತ್ತಿಗೆ ಒಳಗೆಲ್ಲ ತಣ್ಣಗಾಗಿರುತ್ತದೆ. ಸಿರಾದಲ್ಲಿ ಅಂಥದ್ದನ್ನು ಯಾರೂ ಹಾಕಿಸಿರಲಿಲ್ಲ. ಹಾಗಾಗಿ ಪೀರಣ್ಣನಿಗೂ ಒಳಗೊಳಗೇ ಪುಕಪುಕ.

ಹೊಸ ಕಾರಿನ ವೈರು ಕತ್ತರಿಸುವ ಮುಂಚೆ ಪೂಜೆ ಆಗಲಿ ಅಂದರು ಅಜ್ಜಿ. ಚಕ್ರಕ್ಕೆ ನಿಂಬೆಹಣ್ಣು ಬಂತು, ಕಾರಿನ ಮುಂದೆ ದೀಪ, ಊದುಬತ್ತಿ ಬಂದವು. "ಜುಂಜಾ, ಅವನ್ನ ಹಚ್ಚಿಡಪ್ಪ" ಅಂತ ಹೇಳಿ ಪೀರಣ್ಣ ತೆಂಗಿನಕಾಯಿ ತರಲು ಹೋದ. ಜುಂಜ ನೋಡಿದ. ಬತ್ತಿಯ ತುದಿ ಬರಿದು! ಊದುಬತ್ತಿಯ ತುದಿ ಬರಿದು! ಎಲ್ಲ ಬೆಂಕಿ ಹತ್ತುವ ತುದಿಗಳೇ! ಕರೀ ಟೇಪು ತಗೊಂಡು ಒಂದೊಂದಕ್ಕೂ ಸುತ್ತಿದ. ಸುತ್ತಿ, ಹೇಳಿದ್ದಾರಲ್ಲ ಅಂತ ಕಡ್ಡಿ ಗೀರಿ ಹಚ್ಚಿಯೂ ಬಿಟ್ಟ.

ಟೇಪು ಸುಟ್ಟ ಹೊಗೆ ಕಪ್ಪಗೆ ಎದ್ದಿತು. ಕಾರಿನ ಬಿಳಿ ಮೂತಿಗೆ ಮಸಿ ಬಳಿಯಿತು. ಅಜ್ಜಿ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದರು. "ದೇವ್ರ ಮುಂದೆ ಟೈರು ಸುಟ್ಟೋರು ಯಾರ್ರೋ!" ಅಂತ ಸಾವ್ಕಾರರು ಅರಚಿದರು.

ಈರಕ್ಕನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು. ಸಂಜೆ ಪಾತ್ರೆ ತೊಳೆಯುತ್ತ ಮಗನಿಗೆ ಹೇಳಿದಳು: "ಬಾಯಿ ಇಲ್ವೇನೋ ನಿಂಗೆ? ಏನೇ ಮಾಡೋ ಮುಂಚೆ ಕಾರಿನ ಯಜಮಾನರನ್ನ ಒಂದು ಮಾತು ಕೇಳೋದು! 'ಹಿಂಗ್ ಮಾಡ್ಲಾ ಸ್ವಾಮಿ' ಅಂತ ಕೇಳೋದು!"

"ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಪೀರಣ್ಣ ಕೆಲಸ ಶುರುಮಾಡಿದ. ಬಾನೆಟ್ಟಿನ ಅಂಚಿಗೆ ಒಂದು ಸಣ್ಣ ಸ್ವಿಚ್ಚು ಕೂರಿಸಬೇಕಿತ್ತು. ಯಾರಾದರೂ ಬಾನೆಟ್ ತೆಗೆದು ಕೈ ಹಾಕಿದ್ದಾಗ ರಿಮೋಟಿನಿಂದ ಇಂಜಿನ್ ಶುರುವಾಗದಿರಲಿ ಅಂತ ಆ ಸ್ವಿಚ್ಚು. ಬಾನೆಟ್ಟಿಗೆ ಕೊಟ್ಟಿದ್ದ ಸರಳು ಜಾರಿತು. ಬಾನೆಟ್ಟು ಪೀರಣ್ಣನ ನೆತ್ತಿಯ ಮೇಲೆ ಕೂತಿತು. ಅವನ ಎರಡು ಕೈಯಲ್ಲೂ ವೈರು.

"ಜುಂಜಾ, ಹಿಡ್ಕೊಳ್ಳೋ!"

ಜುಂಜ ಕೈ ಚಾಚಿದ. ಚಾಚಿದವನು ತಡೆದು ನಿಂತ. ಯಜಮಾನರನ್ನು ಕೇಳಿಲ್ಲವಲ್ಲ! ಅಲ್ಲಿಂದ ಹೊರಟು, ಬಸ್ ಸ್ಟ್ಯಾಂಡ್ ದಾಟಿ, ಸಂತೆ ಬಯಲು ದಾಟಿ, ಗಿರಣಿಗೆ ಹೋದ. ಸಾವ್ಕಾರರು ಊಟಕ್ಕೆ ಹೋಗಿದ್ದರು. ಬರುವವರೆಗೂ ಕಾದ. ಬಂದ ಮೇಲೆ ಗಿರಣಿಯ ಜನರೆಲ್ಲರ ಮುಂದೆ ಕೈಕಟ್ಟಿ ಕೇಳಿದ.

"ಸ್ವಾಮಿ, ಪೀರಣ್ಣನ ತಲೆ ಮೇಲೆ ಬಾನೆಟ್ ಬಿದ್ದೈತೆ. ಹಿಡ್ಕೊಳ್ಲಾ?"

ಗಿರಣಿಯೇ ನಕ್ಕಿತು. ಹಮಾಲರು ಮೂಟೆ ಇಳಿಸಿ ನಕ್ಕರು. ಸಾವ್ಕಾರರು "ಹಿಡ್ಕೊಳ್ಳಪ್ಪ ಹಿಡ್ಕೊ" ಅಂದರು. ಜುಂಜ ವಾಪಸ್ ಬರುವ ಹೊತ್ತಿಗೆ ಪೀರಣ್ಣ ಬಾನೆಟ್ಟಿನಿಂದ ತಲೆ ಬಿಡಿಸಿಕೊಂಡು, ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

ಸಂಜೆ ಹಮಾಲರೆಲ್ಲ ಗುಂಪು ಕಟ್ಟಿಕೊಂಡು ಬೋಂಡ ತಿನ್ನಲು ಬಂದರು. "ಈರಕ್ಕ, ಬೋಂಡ ತಿನ್ಲಾ? ನಿನ್ನ ಮಗನ್ನ ಕೇಳ್ಕೊಂಡು ಬರ್ಲಾ?" ಅಂತ ಒಬ್ಬ ಅಂದ. ಉಳಿದವರು ಹೊಟ್ಟೆ ಹಿಡಿದುಕೊಂಡರು. ಅವಳು ಅದುವರೆಗೆ ತಡೆದುಕೊಂಡಿದ್ದೆಲ್ಲ ಅವತ್ತು ಕಟ್ಟೆ ಒಡೆಯಿತು. ಅವರು ಹೋದ ಮೇಲೆ ಮಗನ ಎದುರು ನಿಂತಳು.

"ಸಾಕು ಕಣೋ ನನ್ನ ಮಾನ ಹರಾಜಾಗಿದ್ದು! ಇವತ್ತಿಂದ ಯಾರೇ ಕೇಳಿದ್ರೂ ನಾನು ನಿಮ್ಮವ್ವ ಅಂತ ಹೇಳ್ಬೇಡ. ನಾನ್ಯಾರೋ, ನೀನ್ಯಾರೋ!"

"ಮನೇಲೂ ಹೇಳ್ಬಾರ್ದಾ?"

"ಎಲ್ಲೂ ಹೇಳ್ಬೇಡ!"

"ಆಗ್ಲಿ," ಅಂದ. ಕಣವ್ವ ಅಂತ ಸೇರಿಸಲಿಲ್ಲ.

ಬೆಳಿಗ್ಗೆ ಎದ್ದು ಬಂದವನು ಅವ್ವ ಅನ್ನದೆ "ಯಮ್ಮಾ, ಟೀ ಐತಾ?" ಅಂದ. ಕಂಡವರ ಮನೆಗೆ ಬಂದವನ ಹಾಗೆ ಬಾಗಿಲ ಹೊರಗೇ ನಿಂತು ಕುಡಿದ. ಈರಕ್ಕನಿಗೆ ಆಡಿದ್ದನ್ನು ವಾಪಸ್ ತಗೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ನಿನ್ನೆಯ ಹಮಾಲರ ನಗು ಕಿವಿಯಲ್ಲಿ ಎದ್ದಿತು. ಇರಲಿ, ಕೆಲಸ ಒಂದು ನಿಂತರೆ ಸಾಕು, ಆಮೇಲೆ ಸರಿಮಾಡಿಕೊಳ್ಳೋಣ ಅಂದುಕೊಂಡು ಹಿಟ್ಟು ಕಲಸಲು ಕೂತಳು.

ಕೊನೆಗೂ ರಿಮೋಟ್ ಸ್ಟಾರ್ಟ್ ಕೂರಿಸಿದ್ದಾಯಿತು. ಅಜ್ಜಿ ಬಂದರು, ಸಾವ್ಕಾರರು ಬಂದರು, ನೋಡಲು ಊರಿನ ಅರ್ಧ ಜನ ಬಂದರು. ಪೀರಣ್ಣ ಗೇರು ನ್ಯೂಟ್ರಲ್‌ಗೆ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ರಿಮೋಟನ್ನು ಜುಂಜನ ಕೈಗೆ ಕೊಟ್ಟ. ಅವನೂ ಒಂದು ಕೆಲಸ ಸರಿಯಾಗಿ ಮಾಡಿದ ಅಂತ ಊರು ನೋಡಲಿ ಅನ್ನುವುದು ಪೀರಣ್ಣನ ಆಸೆ. ಪುಣ್ಯಾತ್ಮ!

"ನೋಡು ಜುಂಜ, ಬೇರೆ ಏನೂ ತಲೆಗೆ ಹಚ್ಕೋಬೇಡ. ಕಾರಿನ ಎದುರಿಗೆ ಯಾರೂ ಇಲ್ದಿದ್ದಾಗ ಒತ್ತು. ಒಬ್ರು ಇದ್ರೂ ಒತ್ಬೇಡ. ದೇವ್ರೇ ಬಂದು ಹೇಳಿದ್ರೂ ಒತ್ಬೇಡ."

ಹೇಳಿ, ಒಳಗೆ ಟೆಸ್ಟರ್ ತರಲು ಹೋದ. ಅಷ್ಟರಲ್ಲಿ ಸಾವ್ಕಾರರು ಕಾರು ಹತ್ತಿದರು. ಅಜ್ಜಿಗೆ ನೆರಳಾಗಲಿ ಅಂತ ಸ್ವಲ್ಪ ಮುಂದೆ ತಂದು ತಿರುಗಿಸಿ ನಿಲ್ಲಿಸಿ ಇಳಿದರು. ಈಗ ಕಾರಿನ ಮೂತಿ ನೇರ ಈರಕ್ಕನ ತಳ್ಳುಗಾಡಿಯ ಕಡೆಗೆ.

"ಹೂಂ, ಒತ್ತಪ್ಪ," ಅಂದರು ಸಾವ್ಕಾರರು.

ಜುಂಜ ನೋಡಿದ. "ಒತ್ತಲ್ಲ."

"ಯಾಕೆ?"

"ಎದುರಿಗೆ ಆ ಯಮ್ಮ ಅವ್ಳೆ."

ಜನ ಗೊಳ್ಳೆಂದಿತು. "ಈರಕ್ಕನ ಮಗ! ಈರಕ್ಕನ ಮಗ!" ಅಂತ ಹಿಂದಿನಿಂದ ಯಾರೋ ಕೂಗಿದರು. ಆ ಯಮ್ಮ ಅಂದದ್ದು ಈರಕ್ಕನ ಎದೆಗೆ ನಾಟಿತು. ಜನ ನಕ್ಕದ್ದು ಇನ್ನೂ ಆಳಕ್ಕೆ ನಾಟಿತು.

"ಅವಳು ಅಷ್ಟು ದೂರ ಇದಾಳಲ್ಲೋ, ಒತ್ತೋ!" ಸಾವ್ಕಾರರು ರಿಮೋಟಿಗೆ ಕೈ ಹಾಕಿದರು. ಜುಂಜ ರಿಮೋಟನ್ನು ಎದೆಗೆ ಅವುಚಿಕೊಂಡು ಓಡಿದ. ಸಾವ್ಕಾರರು ಪಂಚೆ ಹಿಡಿದು ಅಟ್ಟಿಸಿಕೊಂಡು ಹೋದರು. ಕಾರಿನ ಸುತ್ತ ಇಬ್ಬರದೂ ಪ್ರದಕ್ಷಿಣೆಯೋ ಪ್ರದಕ್ಷಿಣೆ! ಜನಕ್ಕೆ ನಗು ತಡೆಯಲಾಗಲಿಲ್ಲ.

"ಒತ್ತೋ ಪೆದ್ದ ಮುಂಡೇದೆ!" ಅಂತ ಈರಕ್ಕನೇ ಅರಚಿದಳು.

"ನೀನು ಸರೀ ಯಮ್ಮಾ! ನೀನು ಸರಿಯೋವರ್ಗೂ ಒತ್ತಲ್ಲ!"

ಈರಕ್ಕನಿಗೆ ರೇಗಿಹೋಯಿತು. ಸೌಟು ಎಸೆದು, ಎರಡು ಬಾರಿಸಿಯೇಬಿಡುತ್ತೇನೆ ಅಂತ ಕೈ ಎತ್ತಿಕೊಂಡು ಕಾರಿನ ಪಕ್ಕದಲ್ಲಿದ್ದ ಮಗನ ಕಡೆ ನುಗ್ಗಿದಳು. ಜುಂಜ ಅವಳನ್ನು ನೋಡಲಿಲ್ಲ. ಅವಳು ಬಿಟ್ಟು ಬಂದ ಜಾಗ ನೋಡಿದ. ಎದುರಿಗೆ ಯಾರೂ ಇಲ್ಲ.

ಒತ್ತಿದ.

ಕಾರು ಗುರ್ ಅಂತು. ಅಂದದ್ದೇ, ಒಮ್ಮೆಲೇ ಮುಂದಕ್ಕೆ ನೆಗೆಯಿತು. ನೆಗೆದು ಹೋಗಿ ತಳ್ಳುಗಾಡಿಗೆ ಗುದ್ದಿತು. ತಳ್ಳುಗಾಡಿ ಮುರಿಯಿತು, ಒಲೆ ಉರುಳಿತು, ಬಾಣಲೆಯ ಎಣ್ಣೆಯೆಲ್ಲ ಈರಕ್ಕ ಕೂರುವ ಸ್ಟೂಲಿನ ಮೇಲೆ ಚೆಲ್ಲಿತು. ಕಡಲೆಹಿಟ್ಟು ಹಾರಿ ಜುಂಜನ ಮೈಮೇಲೆ ಬಿತ್ತು. ಕಾರು ಬಯಲಿನ ಅಂಚಿನ ಗೋಡೆಗೆ ಒರಗಿ ನಿಂತಿತು. ಸ್ಟೂಲಿನ ಮೇಲೆ ಎಣ್ಣೆ ಚುರುಗುಟ್ಟುತ್ತಿತ್ತು.

ಪೀರಣ್ಣ ಓಡಿ ಬಂದು ಕಾರಿನೊಳಗೆ ನೋಡಿದ. ಅವನ ಮುಖ ಸುಣ್ಣವಾಯಿತು. "ಗೇರಲ್ಲಿ ಯಾರು ನಿಲ್ಸಿದ್ದು? ಹ್ಯಾಂಡ್ ಬ್ರೇಕೂ ಎಳ್ದಿಲ್ಲ! ಗೇರಲ್ಲಿದ್ರೆ ಸ್ಟಾರ್ಟಾದ ತಕ್ಷಣ ನುಗ್ಗುತ್ತೆ!"

ಸಾವ್ಕಾರರು ತಲೆ ತಗ್ಗಿಸಿದರು. "ನಾನೇ ಕಣಪ್ಪ. ಇಳಿಜಾರು ಅಂತ ಅಭ್ಯಾಸದ ಮೇಲೆ ಗೇರಿಗೆ ಹಾಕ್ಬಿಟ್ಟೆ."

ಎಲ್ಲರೂ ಸ್ಟೂಲು ನೋಡಿದರು, ಈರಕ್ಕನನ್ನು ನೋಡಿದರು. ಅವಳು ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ಮಗನಿಗೆ ಹೊಡೆಯಲು ಎತ್ತಿದ ಆ ಕೈಯನ್ನು ಎಲ್ಲಿ ಬಚ್ಚಿಡಬೇಕೋ ಅವಳಿಗೆ ತಿಳಿಯಲಿಲ್ಲ. ಊರು ನಕ್ಕಾಗಲೂ ಅವಳಿಗೆ ಅಷ್ಟು ನಾಚಿಕೆ ಆಗಿರಲಿಲ್ಲ.

ಅಜ್ಜಿ ಕೋಲೂರಿಕೊಂಡು ಮುಂದೆ ಬಂದರು. ಜುಂಜನ ಗಲ್ಲ ಹಿಡಿದರು. "ಊರೆಲ್ಲ ಒತ್ತು ಅಂದ್ರೂ ಒತ್ಲಿಲ್ವಲ್ಲ ಮಗಾ. ಒಂದು ಜೀವ ಉಳಿಸ್ದೆ. ನಿನ್ನ ಹೆತ್ತ ಪುಣ್ಯವಂತೆ ಯಾರಪ್ಪ?"

ಜುಂಜ ಬಾಯಿ ತೆರೆದ. ಮುಚ್ಚಿದ. "ಹೇಳಂಗಿಲ್ಲಜ್ಜಿ."

"ಹೆತ್ತವ್ವನ ಹೆಸ್ರು ಹೇಳಂಗಿಲ್ವಾ?"

"ಹೂಂ. ಈ ಬೋಂಡದ ಯಮ್ಮ ಅಂತೂ ಅಲ್ಲ. ಇವಳು ನಮ್ಮವ್ವ ಅಂತ ಯಾರ ಹತ್ರಾನೂ ಹೇಳ್ಬೇಡ ಅಂತ ನಮ್ಮವ್ವನೇ ಹೇಳವ್ಳೆ."

ಅವತ್ತು ಮಾತ್ರ ಯಾರೂ ನಗಲಿಲ್ಲ. ಹಮಾಲರು ನೆಲ ನೋಡಿದರು. ಈರಕ್ಕ ಹೋಗಿ ಮಗನ ಎರಡು ತೋಳೂ ಹಿಡಿದುಕೊಂಡಳು. ಹೈವೇಯ ಲಾರಿಗಳಿಗೂ ಕೇಳುವ ಹಾಗೆ ಕೂಗಿದಳು.

"ನಾನೇ ಕಣ್ರಪ್ಪಾ! ನಾನೇ ಇವನ ತಾಯಿ! ಇವನು ಈರಕ್ಕನ ಮಗ! ನನ್ನ ಮಗ!"

ಜುಂಜ ಬೆದರಿ ಸುತ್ತಮುತ್ತ ನೋಡಿದ. ಕಡಲೆಹಿಟ್ಟು ಮೆತ್ತಿದ ಕೈಯನ್ನು ಅವಳ ಬಾಯಿಗೆ ಅಡ್ಡ ಹಿಡಿದ.

"ಶ್! ಮೆಲ್ಲಗೆ ಯಮ್ಮಾ! ನಮ್ಮವ್ವಂಗೆ ಕೇಳಿಸಿದ್ರೆ ನಾಚ್ಕೊಂತಾಳೆ!"