ತಲೆಗೆ ಸೂರಿಲ್ಲದ ಡಾಲಿ

ಹಿಂದಿನ ಮಹಾಯುದ್ಧದಲ್ಲಿ ಬಾರ್ನಿ ಅಂತ ಒಬ್ಬ ಅಮೆರಿಕದ ಟ್ಯಾಂಕಪ್ಪ ಇದ್ದ. ಅವನು ಕೆಮ್ಮಿದರೆ ಮೂರೂರಿನ ಹೆಂಚು ಹಾರುತ್ತಿದ್ದವು. ಅವನ ಜೊತೆಗಾತಿ ಡಾಲಿ, ಟ್ಯಾಂಕುಗಳನ್ನೇ ಬೇಟೆಯಾಡುವ ಬಂಡಿ. ಅವಳ ಫಿರಂಗಿ ಉದ್ದ, ತಗಡು ತೆಳು, ತಲೆಯ ಮೇಲೆ ಮುಚ್ಚಳವೇ ಇಲ್ಲ.

"ಮಳೆ ಬಂದರೆ ಹೊಟ್ಟೆಯೊಳಗೆ ಮೀನು ಸಾಕ್ತೀಯೇನೇ?" ಎಂದು ಬಾರ್ನಿ ನಗುತ್ತಿದ್ದ.

"ಸಾಕ್ತೀನಣ್ಣ, ನಿನಗೂ ಎರಡು ಕೊಡ್ತೀನಿ" ಅನ್ನುತ್ತಿದ್ದಳು ಡಾಲಿ.

ಒಂದು ದಿನ ಬಾರ್ನಿ ಕೆಸರಲ್ಲಿ ಹೂತುಕೊಂಡ. ಮುಚ್ಚಳ ಬಿಗಿದಿದ್ದರಿಂದ ತನ್ನ ಎಂಜಿನ್ನಿನ ಗುಡುಗು ಬಿಟ್ಟು ಅವನಿಗೆ ಬೇರೇನೂ ಕೇಳಿಸಲಿಲ್ಲ. ಡಾಲಿಗೋ, ತೆರೆದ ತಲೆ. ಇರುವೆ ಆಕಳಿಸಿದರೂ ಕೇಳುತ್ತಿತ್ತು.

"ಅಣ್ಣಾ, ಬೇಲಿಯ ಹಿಂದೆ ಕಡ್ಡಿ ಮುರೀತಿದೆ!" ಎಂದವಳೇ ಗಿರ್ರನೆ ತಿರುಗಿ ಗುಂಡು ಹೊಡೆದಳು. ಬೇಲಿ ಸೀಳಿ ಬಂದ ವೈರಿ ಟ್ಯಾಂಕು ಬಾರ್ನಿಯ ಮೂಗಿನ ಮುಂದೆಯೇ ಮಗುಚಿಬಿತ್ತು.

ಸಂಜೆ ಮಳೆ ಹೊಡೆಯಿತು. ಬಾರ್ನಿ ತನ್ನ ಬೆನ್ನಿನ ಟಾರ್ಪಾಲು ಬಿಚ್ಚಿ ಡಾಲಿಯ ತಲೆಗೆ ಹೊದಿಸಿದ. ಅವಳ ಕಿವಿಗೆಂದು ಒಂದು ಮೂಲೆ ಮಾತ್ರ ಎತ್ತಿಟ್ಟ.

"ಅಯ್ಯೋ, ನೀನು ನೆನೀತೀಯಲ್ಲಣ್ಣ!"

"ನೆನೀತೀನಿ ತಾಯಿ. ತುಕ್ಕು ಹಿಡಿಯೋವರೆಗೂ ನಿನ್ನನ್ನೇ ನೆನೀತೀನಿ."