ಬಂಡೆಯ ಮೇಲಿನ ಗೆರೆ

ಹೊಳೆದಂಡೆಯಲ್ಲೊಂದು ಮಠ. ಮಠದ ಮುಂದೆ ನೀರಿನಲ್ಲಿ ಒಂದು ಬಂಡೆ, ಬಂಡೆಯ ಮೇಲೊಂದು ಗೆರೆ. ಗೆರೆ ಮುಳುಗಿದರೆ ಮಠದ ಹರಿಗೋಲನ್ನು ಹೊಳೆಗೆ ಇಳಿಸಬಾರದು. ಹಿಂದಿನ ಗುರುಗಳ ಕಾಲದಿಂದ ಬಂದ ಕಟ್ಟಳೆ ಅದು.

ಹರಿಗೋಲು ನಡೆಸುತ್ತಿದ್ದ ಶಿಷ್ಯ ಅಡಿವೆಪ್ಪ, ಹಿರಿಯರು ಹಾಕಿದ ಗೆರೆ ದಾಟುವವನಲ್ಲ.

ಒಂದು ಸಂಜೆ ಆಚೆ ದಡದಿಂದ ದುರಗಪ್ಪ ಕೂಗಿದ. ಅವನ ಹೆಂಡತಿಗೆ ಹೆರಿಗೆ ನೋವು. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಕೂಗು ಕೇಳಿ ಅವಳು ಓಡಿ ಬಂದಳು. ನೀರು ಗೆರೆಯ ಮೇಲೆ ಎರಡೇ ಬೆರಳು ಏರಿತ್ತು.

"ನಾ ಬರ್ತೀನಿ, ಹರಿಗೋಲು ಬಿಡಪಾ," ಎಂದಳು.

"ಗೆರಿ ಮುಳುಗೇತಿ. ಆಗೂದಿಲ್ಲ," ಎಂದ ಅಡಿವೆಪ್ಪ.

ಬೆಳಗ್ಗೆ ನೀರು ಇಳಿಯಿತು. ಅಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ದುರಗಪ್ಪ ಬಂದು ಮಠದ ಕಟ್ಟೆಯ ಮೇಲೆ ಕುಳಿತ. ಒಂದು ಮಾತೂ ಆಡದೆ ಎದ್ದು ಹೋದ. ಬೈದಿದ್ದರೆ ಅಡಿವೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಡಿವೆಪ್ಪ ಮಠದ ಗುರುಗಳ ಬಳಿ ಹೋದ. "ಅಜ್ಜಾರ, ನಾ ಕಟ್ಟಳಿ ಮೀರಲಿಲ್ಲ. ನಂದು ತಪ್ಪೇನ್ರಿ?"

"ಅವತ್ತು ನೀರು ನೋಡಿದೇನು?"

"ಗೆರಿ ನೋಡಿದೆ, ಅಜ್ಜಾರ."

"ನಾ ಕೇಳಿದ್ದು ನೀರು."

"ಹಂಗಾರ ಆ ಗೆರಿ ಅಳಿಸಿಬಿಡೂಣ್ರಿ."

"ಅದನ್ನ ಕೆತ್ತಿದವರು ನನ್ನ ಗುರುಗಳು. ಅಳೋರ ಮಾರಿ ನೋಡಿ ಮನಸು ಕರಗಿ, ತುಂಬಿದ ಹೊಳಿಗೆ ಹರಿಗೋಲು ಇಳಿಸಿದ್ರು. ಈಜಿ ದಡ ಸೇರಿದವರು ಅವರೊಬ್ಬರೇ."

ಅಡಿವೆಪ್ಪ ತಲೆ ತಗ್ಗಿಸಿದ. ಆಮೇಲೆ ಹೇಳಿದ: "ಹಂಗಾರ ಇನ್ನೊಂದು ಗೆರಿ ಬೇಕ್ರಿ. ಜೀವದ ಮ್ಯಾಲೆ ಬಂದಾಗ ಎಲ್ಲೀತನಕ ಅಂತ."

ಗುರುಗಳು ಉಳಿ, ಸುತ್ತಿಗೆ ತಂದು ಅವನ ಕೈಗಿಟ್ಟರು. "ಹೋಗಿ ಕೆತ್ತಿ ಬಾ."

ಅಡಿವೆಪ್ಪ ಸೊಂಟಮಟ್ಟ ನೀರಿನಲ್ಲಿ ಬಂಡೆಯ ಮುಂದೆ ನಿಂತ. ಹಳೆಯ ಗೆರೆಗಿಂತ ಎರಡು ಬೆರಳು ಮೇಲೆ ಉಳಿ ಇಟ್ಟ. ಅಷ್ಟಿದ್ದರೆ ದುರಗಪ್ಪನ ಹೆಂಡತಿ ಬದುಕುತ್ತಿದ್ದಳೇನೋ. ಒಂದು ಗೇಣು ಮೇಲೆ ಇಟ್ಟ. ಅಲ್ಲೀತನಕ ಬಿಟ್ಟರೆ ಸೂಲಗಿತ್ತಿಯೂ ಮುಳುಗುತ್ತಿದ್ದಳೇನೋ. ಗಾಳಿ ಎದ್ದ ದಿನ ಗೆರೆ ಎಲ್ಲಿ? ಮರದ ದಿಮ್ಮಿ ತೇಲಿ ಬರುವ ದಿನ ಎಲ್ಲಿ? ಬಿಸಿಲು ನೆತ್ತಿಗೇರಿದರೂ ಸುತ್ತಿಗೆ ಮೇಲೇಳಲಿಲ್ಲ. ವಾಪಸು ಬಂದು ಉಳಿಯನ್ನು ಗುರುಗಳ ಪಾದದ ಬಳಿ ಇಟ್ಟು ಅತ್ತ.

ಆ ಮಳೆಗಾಲ ಮುಗಿಯುವ ಮೊದಲೇ ಆಚೆ ದಡದಿಂದ ಮತ್ತೊಂದು ಕೂಗು ಬಂತು. ಹಾವು ಕಚ್ಚಿದ ಮಗಳನ್ನು ಎತ್ತಿಕೊಂಡು ತಾಯಿಯೊಬ್ಬಳು ನಿಂತಿದ್ದಳು. ಔಷಧ ಕೊಡುವ ಪಂಡಿತರ ಮನೆ ಈಚೆ ದಡದಲ್ಲಿ. ಬಂಡೆಯ ಮೇಲಿನ ಗೆರೆ ಕಾಣುತ್ತಿರಲಿಲ್ಲ.

ಅಡಿವೆಪ್ಪ ಹುಟ್ಟು ಹಿಡಿದು ದಂಡೆಗೆ ಓಡಿದ. ನೀರಿಗೆ ಕಾಲಿಡುವ ಮುನ್ನ ನಿಂತು, ಮಠದ ಕಟ್ಟೆಯ ಮೇಲಿದ್ದ ಗುರುಗಳತ್ತ ತಿರುಗಿದ.

"ನನ್ನ ಮಾರಿ ಯಾಕ ನೋಡ್ತಿ, ಅಡಿವೆಪ್ಪ? ನೀರು ನೋಡು."